ಪ್ರತಿಕ್ರಿಯೆ: ಮಾಹಿತಿ ಸಾಕ್ಷರತೆಗೆ ಅನುದಾನದ ಅರ್ಜಿ

ಮೇಡಂ, ಬೆಂಗಳೂರಿನ ನಿಮ್ಮ ಪದವಿ ಕಾಲೇಜು ಲೈಬ್ರರಿಯಿಂದ ಮಾಹಿತಿ ಸಾಕ್ಷರತೆ, ಅಂದರೆ ಮಾಹಿತಿ ಹುಡುಕಿ, ತೂಗಿ ನೋಡಿ, ಬಳಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲೆಂದು ವಿಶ್ವವಿದ್ಯಾಲಯಕ್ಕೆ ಕಳಿಸಿದ ಐವತ್ತು ಸಾವಿರದ ಅರ್ಜಿ ಯಾಕೆ ವಾಪಸ್ ಬಂತು ಎಂದು ಕೇಳಿದ್ದೀರಿ. ನೀವು ಹಾಕಿರುವ ಬಜೆಟ್ಟೇ ಹೇಳುತ್ತಿದೆ: ಮುಕ್ಕಾಲು ಪಾಲು ಪ್ರೊಜೆಕ್ಟರ್, ಲ್ಯಾಪ್‌ಟಾಪ್. ನೋಡುವವರಿಗೆ ಅದು ಬರೀ ಉಪಕರಣ ಖರೀದಿ.

ಅರ್ಜಿಯಲ್ಲಿರುವ ಒಂದು ದಿನದ ಕಾರ್ಯಾಗಾರವನ್ನೂ ಕೈಬಿಡಿ. ಒಬ್ಬ ಅಧ್ಯಾಪಕರನ್ನು ಒಪ್ಪಿಸಿ, ಅವರ ಅಸೈನ್‌ಮೆಂಟಿಗೇ ಮೂರು ತರಗತಿ ಜೋಡಿಸಿ: ಹುಡುಕುಪದ ಆರಿಸುವುದು, ಮೂಲ ನಂಬಬಹುದೇ ಎಂದು ನೋಡುವುದು, ಉಲ್ಲೇಖ ಬರೆಯುವುದು. ಅಂಕವಿಲ್ಲದಿದ್ದರೆ ಎರಡನೇ ತರಗತಿಗೇ ಬೆಂಚು ಖಾಲಿ! ಆ ಅಧ್ಯಾಪಕರ ಒಪ್ಪಿಗೆ ಪತ್ರ ಅರ್ಜಿಯ ಜೊತೆಗಿರಲಿ. ಅಮೆರಿಕದ ಕಾಲೇಜು ಗ್ರಂಥಾಲಯಗಳ ಸಂಘವಾದ ಎಸಿಆರ್‌ಎಲ್‌ನ 2016ರ ಮಾಹಿತಿ ಸಾಕ್ಷರತೆ ಚೌಕಟ್ಟಿನ ಆರೂ ಪರಿಕಲ್ಪನೆಗಳನ್ನು ತುರುಕಬೇಡಿ, ಎರಡು ಸಾಕು.

ಡೇಟಾಬೇಸಿಗೆಂದು ಹಣ ಕೇಳಬೇಡಿ. ಅರ್ಹ ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಇನ್‌ಫ್ಲಿಬ್‌ನೆಟ್‌ನ (ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ) ಎನ್-ಲಿಸ್ಟ್ ಇದೆ, ಪಿಎಚ್‌ಡಿ ಪ್ರಬಂಧಗಳ ಭಂಡಾರ ಶೋಧಗಂಗಾ ಎಲ್ಲರಿಗೂ ಉಚಿತ.

ಮುಖ್ಯವಾದದ್ದು ಫಲಿತಾಂಶ. "ಕಾರ್ಯಕ್ರಮ ಚೆನ್ನಾಗಿತ್ತು" ಎಂಬ ಫೀಡ್‌ಬ್ಯಾಕ್ ಫಾರಂ ಏನನ್ನೂ ಸಾಬೀತು ಮಾಡುವುದಿಲ್ಲ. ತರಗತಿಗೆ ಮೊದಲಿನ ಮತ್ತು ನಂತರದ ಅಸೈನ್‌ಮೆಂಟುಗಳ ಉಲ್ಲೇಖ ಪಟ್ಟಿಗಳಿಂದ ವಿದ್ಯಾರ್ಥಿಗಳ ಹೆಸರು ತೆಗೆದು, ಎರಡನ್ನೂ ಬೆರೆಸಿ, ಒಂದೇ ಮಾನದಂಡದಲ್ಲಿ ಇಬ್ಬರು ಪ್ರತ್ಯೇಕವಾಗಿ ಅಂಕ ಹಾಕಲಿ. ಅವರ ಗೌರವಧನ ಬಜೆಟ್ಟಿನಲ್ಲಿರಲಿ.

ಮಾರ್ಚ್ 31ರೊಳಗೆ ಖರ್ಚು ಮುಗಿಯದಿದ್ದರೆ ಹಣಬಳಕೆ ಪ್ರಮಾಣಪತ್ರಕ್ಕೆ ಪರದಾಟ, ಆದ್ದರಿಂದ ತರಗತಿಗಳನ್ನು ಶೈಕ್ಷಣಿಕ ವರ್ಷದ ಮೊದಲರ್ಧದ ಬೆಸ ಸೆಮಿಸ್ಟರಿನಲ್ಲೇ ಇಟ್ಟುಕೊಳ್ಳಿ.