ಭೀಮಗಡಕ್ಕೆ ಹೋಗಿದ್ದೆವು, ಏನೂ ಕಾಣಲಿಲ್ಲ ಅನ್ನುವವರಿಗೆ

ಮಳೆ ನಿಂತು ರಸ್ತೆ ಒಣಗುವುದೇ ತಡ, ಬೆಳಗಾವಿ ಜಿಲ್ಲೆಯ ಖಾನಾಪುರದ ಭೀಮಗಡ ಕಾಡಿನ ಬಗ್ಗೆ ನನಗೆ ಪತ್ರಗಳು ಶುರುವಾಗುತ್ತವೆ. ಪ್ರಶ್ನೆಗಳು ಮಾತ್ರ ಹೋದ ವರ್ಷದವೇ. ಅರಣ್ಯ ಇಲಾಖೆಯ ಅನುಮತಿ ಬೇಕು, ಕತ್ತಲಾಗುವ ಮೊದಲು ಹೊರಗೆ ಬರಬೇಕು, ಕಸ ವಾಪಸ್ ತರಬೇಕು ಎನ್ನುವುದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಬೆಳಗಾವಿಯಿಂದ ಎರಡು ಗಾಡಿ ಮಾಡಿಕೊಂಡು ಒಂಬತ್ತು ಜನ ಭೀಮಗಡಕ್ಕೆ ಹೋಗಿದ್ದೆವು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸುತ್ತಿದರೂ ಮಂಗ ಬಿಟ್ಟು ಏನೂ ಕಾಣಲಿಲ್ಲ. ಅಲ್ಲಿ ನಿಜವಾಗಿ ಪ್ರಾಣಿಗಳಿವೆಯೇ? ಎಲ್ಲಿಗೆ ಹೋದರೆ ಗ್ಯಾರಂಟಿ ಕಾಣುತ್ತವೆ?

ಉತ್ತರ: ಇವೆ. ಗ್ಯಾರಂಟಿ ಬೇಕಿದ್ದರೆ ಮೃಗಾಲಯಕ್ಕೆ ಹೋಗಿ.

ನೀವು ಟಿವಿಯಲ್ಲಿ ನೋಡುವುದು ಬಂಡೀಪುರ, ಕಬಿನಿ. ಅಲ್ಲಿ ಕಾಡು ಬಯಲು ಬಯಲಾಗಿದೆ, ಬೇಸಿಗೆಯಲ್ಲಿ ಪ್ರಾಣಿಗಳು ನೀರಿಗೆ ಬಂದು ಸೇರುತ್ತವೆ. ಭೀಮಗಡ ಹಾಗಲ್ಲ. 2011ರಲ್ಲಿ ವನ್ಯಜೀವಿಧಾಮವಾದ ಇದು ಸುಮಾರು 190 ಚದರ ಕಿಲೋಮೀಟರ್ ದಟ್ಟ ಘಟ್ಟದ ಕಾಡು. ಇಪ್ಪತ್ತು ಹೆಜ್ಜೆ ಆಚೆ ಕಾಡುಕೋಣ ನಿಂತರೂ ಎಲೆ ಬಿಟ್ಟು ಬೇರೇನೂ ಕಾಣಲ್ಲ. ಅದಕ್ಕೇ ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಒಂಬತ್ತು ಜನ ಮಾತಾಡುತ್ತಾ ನಡೆದರೆ ಕಿವಿ ಏನು ಮಾಡೀತು?

ಹತ್ತು ಗಂಟೆಗೆ ಶುರು ಮಾಡಿದ್ದು ಎರಡನೇ ತಪ್ಪು. ಅಷ್ಟೊತ್ತಿಗೆ ಕಡವೆ, ಕಾಡುಕುರಿ (ಹೆಸರಷ್ಟೇ ಕುರಿ, ಅದು ಸಣ್ಣ ಜಿಂಕೆ) ನೆರಳು ಹಿಡಿದು ಮಲಗಿರುತ್ತವೆ. ಬೆಳಕು ಹರಿಯುವಾಗ ಹೋಗಿ. ಮೂರೇ ಜನ ಸಾಕು. ಸುತ್ತಬೇಡಿ. ಹಣ್ಣು ಬಿಟ್ಟ ಅತ್ತಿ ಮರವೋ ಬಸರಿ ಮರವೋ ಸಿಕ್ಕರೆ ದೂರದಲ್ಲಿ ಸುಮ್ನೆ ಕುಳಿತುಬಿಡಿ. ಮೊದಲ ಇಪ್ಪತ್ತು ನಿಮಿಷ ಏನೂ ಆಗಲ್ಲ. ಆಮೇಲೆ ತಲೆಯ ಮೇಲೆ ಟಪಟಪ ಸಿಪ್ಪೆ ಬೀಳುತ್ತದೆ. ಕತ್ತೆತ್ತಿದರೆ ಕೆಂಚಳಿಲು, ಕಾಡಿನ ದೊಡ್ಡ ಅಳಿಲು. ಇಲ್ಲಿ ಮರಾಠಿ ಮಾತಾಡುವವರು ಇದಕ್ಕೆ ಶೇಕರು ಅನ್ನುತ್ತಾರೆ. ಹಿಂಗಾಲಿನಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ಜೋತುಬಿದ್ದು, ಎರಡೂ ಕೈಯಲ್ಲಿ ಹಣ್ಣು ತಿರುಗಿಸಿ ತಿರುಗಿಸಿ ತಿನ್ನುತ್ತದೆ. ನಾಯಿ ಬೊಗಳಿದ ಹಾಗೆ ದೂರದಲ್ಲಿ ಸದ್ದು ಬಂದರೆ ಅದು ಕಾಡುಕುರಿ. ಏನನ್ನೋ ನೋಡಿ ಹೆದರಿದೆ ಎಂದರ್ಥ. ಆ ‘ಏನೋ’ ನೀವಾಗಿರಬಾರದು, ಅಷ್ಟೇ.

ಇನ್ನು ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್. ನನಗೆ ಸಿಟ್ಟು ಬರುವುದೇ ಇಲ್ಲಿ. ಮೊಟ್ಟೆಯಿಡಲು ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಪೊಟರೆಯ ಬಾಯಿಯನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದಕ್ಕೂ, ಮರಿಗೂ ಗಂಡು ತಂದದ್ದೇ ಊಟ. ಒಂದು ಮಾರ್ಚ್ ತಿಂಗಳು ಇಂಥ ಗೂಡಿನಿಂದ ನೂರು ಹೆಜ್ಜೆ ದೂರ ಪೊದೆಯ ಹಿಂದೆ ಕುಳಿತಿದ್ದೆ. ಗಂಡು ಬಂತು. ಗಂಟಲಿನಿಂದ ಅತ್ತಿ ಹಣ್ಣು ಒಂದೊಂದಾಗಿ ಕೊಕ್ಕಿನ ತುದಿಗೆ ತಂದು ಸೀಳಿಗೆ ಹಿಡಿಯಿತು. ಹನ್ನೊಂದು ಎಣಿಸಿದೆ. ಮರುದಿನ ಆರು ಜನ ಕ್ಯಾಮೆರಾದವರು ಬಂದು ಮರದ ಬುಡದಲ್ಲೇ ಸ್ಟ್ಯಾಂಡ್ ಹೂಡಿದರು. ಗಂಡು ಪಕ್ಕದ ಮರದಲ್ಲಿ ಗಂಟಲು ತುಂಬಿಕೊಂಡು ಮುಕ್ಕಾಲು ಗಂಟೆ ಕೂತು, ಕೊಡದೇ ಹಾರಿಹೋಯಿತು. ಹೀಗೆ ನಾಲ್ಕು ದಿನವಾದರೆ ಒಳಗಿರುವವರ ಗತಿ? ಅವರಿಗೆ ಹೇಳಿದೆ. ‘ಸರ್, ಐದೇ ನಿಮಿಷ’ ಅಂದರು. ನಂತರವೂ ಎರಡು ತಾಸು ಅಲ್ಲೇ ಇದ್ದರು. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರೂ ಇದೇ ಜಾತಿ. ಆ ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಕಳ್ಳ ಬಂದ ಅಂದುಕೊಂಡು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ಸದ್ದು ಮಾಡಬೇಡಿ ಎಂಬ ಮಾತಿಗೆ ಒಂದೇ ವಿನಾಯಿತಿ ಇದೆ, ಕರಡಿ. ಮುಂದಿನದು ಕಾಣದ ಇಕ್ಕಟ್ಟು ದಾರಿಯಲ್ಲಿ ಊರವರು ಬೇಕೆಂದೇ ಕೆಮ್ಮುತ್ತಾ, ಮಾತಾಡುತ್ತಾ ನಡೆಯುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಕರಡಿ ಹುತ್ತ ಕೆದರುತ್ತಾ ಮೈಮರೆತಿರುತ್ತದೆ. ತೀರ ಹತ್ತಿರ ಬಂದ ಮೇಲೆ ನೋಡಿದರೆ ಬೆದರಿ ಮೈಮೇಲೇ ಬೀಳುತ್ತದೆ. ಮರಿ ಬೆನ್ನ ಮೇಲಿದ್ದರಂತೂ ಕೇಳಲೇಬೇಡಿ. ನಾನು ಪುಕ್ಕಲ ಅಂತ ನನ್ನ ಹುಡುಗರು ನಗುತ್ತಾರೆ, ನಗಲಿ.

ಪ್ರಶ್ನೆ: ಭೀಮಗಡದ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಲ್ಲಿ ಅಪರೂಪದ ಬಾವಲಿ ಇವೆಯಂತೆ. ಒಳಗೆ ಹೋಗಿ ನೋಡಬಹುದೇ?

ಉತ್ತರ: ಬೇಡ. ಇದು ರಾಟನ್ ಬಾವಲಿ. 1913ರಲ್ಲಿ ವಿಜ್ಞಾನಿಗಳು ಹೆಸರಿಟ್ಟದ್ದೇ ಈ ಗುಹೆಯ ಬಾವಲಿಗಳನ್ನು ನೋಡಿ. ಎಷ್ಟೋ ವರ್ಷ ಜಗತ್ತಿನಲ್ಲಿ ಬೇರೆಲ್ಲೂ ಇದು ಸಿಕ್ಕಿರಲಿಲ್ಲ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡಿತು. ಹಗಲು ಟಾರ್ಚ್ ಬಿಟ್ಟು ಎಬ್ಬಿಸಿದರೆ ಸುಮ್ನೆ ಶಕ್ತಿ ಕಳೆದುಕೊಂಡು ಹಾರಾಡುತ್ತವೆ, ಮರಿಗಳು ಕೆಳಗೆ ಬೀಳುತ್ತವೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಇದರ ಹೆಸರಿದೆ.

ಪ್ರಶ್ನೆ: ಸಂತೆಯಲ್ಲಿ ಮಂಡಿನೋವಿಗೆ ಬಾವಲಿ ಎಣ್ಣೆ ಮಾರುತ್ತಾರೆ. ಗುಣ ಇದೆಯೇ?

ಉತ್ತರ: ಮಾರುವವನ ಜೇಬಿಗೆ ಗುಣ ಇದೆ. ನಿಮ್ಮ ಮಂಡಿಗೆ ಆರಾಮ ಎನಿಸಿದರೆ ಅದು ತಿಕ್ಕಿದ ಕೈಯ ಗುಣ. ನಿಮ್ಮಜ್ಜಿ ಎಳ್ಳೆಣ್ಣೆಯಲ್ಲೇ ಅಷ್ಟು ಮಾಡುತ್ತಿದ್ದರು.

ಪ್ರಶ್ನೆ: ಹಾವು ಕಚ್ಚಿದರೆ ಬೇಕಾಗುತ್ತದೆಂದು, ವಿಷ ಹೀರುತ್ತದೆ ಅನ್ನುವ ವಿಷಕಲ್ಲು ಇಟ್ಟುಕೊಂಡು ಹೋಗಬೇಕೇ?

ಉತ್ತರ: ಕಲ್ಲು ಬಿಸಾಕಿ, ಬೂಟು ಹಾಕಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ. ಮಂತ್ರ ಹಾಕಿಸಿಕೊಂಡು ಬದುಕಿದವರಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ಆ ಕಡಿತದಲ್ಲಿ ವಿಷ ಇಳಿದಿರಲಿಲ್ಲ.

ಪ್ರಶ್ನೆ: ಜಂಬೋಟಿ ರಸ್ತೆಯಲ್ಲಿ ಮಂಗಗಳಿಗೆ ಚುರಮುರಿ ಹಾಕಿದರೆ ತಪ್ಪೇನು? ಮಕ್ಕಳಿಗೆ ಖುಷಿ ಆಗುತ್ತದೆ.

ಉತ್ತರ: ಅದಕ್ಕೇ ಅವು ರಸ್ತೆ ಬಿಟ್ಟು ಹೋಗಲ್ಲ, ಗಾಡಿಗೆ ಸಿಕ್ಕಿ ಸಾಯುತ್ತವೆ. ಅದನ್ನೂ ಮಕ್ಕಳಿಗೆ ತೋರಿಸುತ್ತೀರಾ?

ಪ್ರಶ್ನೆ: ಬಾಗಲಕೋಟೆಯವರು ನಾವು. ಅಷ್ಟು ದೂರ ಬರಲೇಬೇಕೇ?

ಉತ್ತರ: ಒಳ್ಳೆಯ ಪ್ರಶ್ನೆ, ಇದೊಂದೇ. ಬೇಡ. ನಿಮ್ಮ ಮುಧೋಳ-ಬೀಳಗಿ ಕಡೆಯ ಯಡಹಳ್ಳಿಯಲ್ಲೇ ಚಿಂಕಾರಧಾಮ ಇದೆ. ಚಿಂಕಾರ ಅಂದರೆ ಸಣ್ಣ ಹುಲ್ಲೆ. ಕುರುಚಲು ಗುಡ್ಡ, ದುರ್ಬೀನು ಇದ್ದರೆ ದೂರದಿಂದಲೇ ಕಾಣುತ್ತದೆ. ಚಿಂಕಾರ ಮುಂಗಾಲು ನೆಲಕ್ಕೆ ಬಡಿದು ಸೀನಿದ ಹಾಗೆ ಸದ್ದು ಮಾಡಿದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ, ಹಿಂದೆ ಬನ್ನಿ.

ಪ್ರಶ್ನೆ: ಮಂಗಟ್ಟೆ ಗೂಡಿನ ಲೊಕೇಶನ್ ಕಳಿಸುತ್ತೀರಾ?

ಉತ್ತರ: ಇಲ್ಲ.