ನಿಮ್ಮ ಲೇಖನ ಮೂರನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ನೀವು ಕಳಿಸಿದ ‘ತೆರಿಗೆ, ಬಿಟ್ಟಿ ಭಾಗ್ಯ ಮತ್ತು ಬಡವರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇನ್ನೊಮ್ಮೆ ಬರೆಯಿರಿ.

ಮೊದಲ ಎರಡು ಪುಟ ತೆಗೆದುಬಿಡಿ. ನೇರ ತೆರಿಗೆ ಎಂದರೇನು, ಪರೋಕ್ಷ ತೆರಿಗೆ ಎಂದರೇನು ಎಂಬುದೆಲ್ಲ ಪಿಯುಸಿ ನೋಟ್ಸ್ ಥರ ಇದೆ. ಮೂರನೇ ಪುಟದಲ್ಲಿ, ದಾವಣಗೆರೆಯ ನಿಮ್ಮ ಬೀದಿಯಲ್ಲಿ ನಾಲ್ಕು ಮನೆ ಕೆಲಸ ಮಾಡುವ ಹೆಂಗಸು ಬರುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಕ್ಷಣ ಅವರು ಅಂಗಡಿಯ ಉದ್ರಿ ತೀರಿಸುತ್ತಾರೆ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಉದ್ರಿ ಎಷ್ಟಿತ್ತು? ಏನೇನು ತಂದಿದ್ದರು? ಕಂತು ತಡವಾದ ತಿಂಗಳು ಅಂಗಡಿಯವರು ಏನಂದರು?

ಇನ್ನು ತಪ್ಪುಗಳು. ‘ಬಡವರು ತೆರಿಗೆ ಕಟ್ಟುವುದಿಲ್ಲ’ ಎಂದಿದ್ದೀರಿ. ಅವರು ಕಟ್ಟದೇ ಇರುವುದು ಆದಾಯ ತೆರಿಗೆ, ಅಷ್ಟೇ. ಸ್ನಾನದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗೆ ಶೇ. 18 ಜಿಎಸ್‌ಟಿ ಇತ್ತು. ಅದು ಶೇ. 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಅಲ್ಲಿಯವರೆಗೆ ಆಕೆಯೂ ಆಕೆ ಪಾತ್ರೆ ತೊಳೆಯುವ ಮನೆಯವರೂ ಒಂದೇ ಸೋಪಿಗೆ ಒಂದೇ ತೆರಿಗೆ ಕಟ್ಟಿದ್ದಾರೆ. ಆ ಮನೆಯವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಈಕೆಗೆ ಬರುತ್ತದೆ. ಹಾಗಿರುವಾಗ ‘ಬಿಟ್ಟಿ’ ಎಂಬ ಮಾತು ಹೇಗೆ ಸರಿ? ನನಗೆ ಆ ಪದ ಓದಿ ನೋವಾಯಿತು. ದಯವಿಟ್ಟು ತೆಗೆಯಿರಿ.

ಅಕ್ಕಿಯ ವಿಷಯ ನೀವು ಮುಟ್ಟಿಯೇ ಇಲ್ಲ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ 25 ಕೆಜಿವರೆಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಅಂದರೆ ಒಮ್ಮೆಗೇ ದೊಡ್ಡ ಚೀಲ ತರಲು ದುಡ್ಡಿದ್ದವರಿಗೆ ತೆರಿಗೆ ಇಲ್ಲ, ಐದು ಕೆಜಿ ಪ್ಯಾಕೆಟ್ ತರುವವರಿಗೆ ಇದೆ. ಬಿಡಿ ಅಕ್ಕಿ ತೂಗಿಸಿಕೊಂಡರೂ ಇಲ್ಲ. ರೇಷನ್ ಅಕ್ಕಿ ಮುಗಿದ ಮೇಲೆ ಆಕೆ ಹೇಗೆ ತರುತ್ತಾರೆ? ಕೇಳಿ ಬರೆಯಿರಿ.

12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲದಂತೆ ಮಾಡಿದ್ದು ಬಡವರಿಗೆ ಅನುಕೂಲ ಎಂಬ ಸಾಲೂ ಬೇಡ. ಮೊದಲೇ ಆ ತೆರಿಗೆ ಕಟ್ಟದವರಿಗೆ ಅದರಿಂದ ಕೈಗೆ ಏನೂ ಸೇರದು.

ಕೊನೆಯ ಪುಟದಲ್ಲಿ 2,000ವನ್ನು 12ರಿಂದ ಗುಣಿಸಿ, ವರ್ಷಕ್ಕೆ 24,000 ಲಾಭ ಎಂದು ಮುಗಿಸಿದ್ದೀರಿ. ಅದು ಅರ್ಧ ಲೆಕ್ಕ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಸರ್ಕಾರಿ ಬಸ್ ಉಚಿತ, ಆ ಉಳಿತಾಯ ಸೇರಿಸಿಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಆಕೆಯ ಗಂಡನ ಟಿಕೆಟ್ ಕಳೆದಿಲ್ಲ. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ದಿನಕ್ಕೆ ಅರ್ಧ ಲೀಟರ್ ತಂದರೂ ತಿಂಗಳಿಗೆ 60 ರೂಪಾಯಿ. ಹಾಲಿನದು ತೆರಿಗೆಯಲ್ಲ, ಹೆಚ್ಚಿನ ಹಣ ರೈತರಿಗೆ ಎಂದು ಹೇಳಿ ಏರಿಸಿದ್ದು. ಅದನ್ನೂ ಒಂದು ಮಾತು ಬರೆಯಿರಿ, ಇಲ್ಲವಾದರೆ ಅನ್ಯಾಯವಾಗುತ್ತದೆ. ಅಂದೇ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆಯೂ ಏರಿತು. ತರಕಾರಿ ಬರುವುದು ಲಾರಿಯಲ್ಲೇ ಅಲ್ವಾ?

ಎಲ್ಲ ಕೂಡಿ ಕಳೆದ ಮೇಲೂ ಆಕೆಗೆ ಬಂದದ್ದೇ ಜಾಸ್ತಿ ಎಂದು ನನಗೆ ಅನಿಸುತ್ತದೆ. ಆದರೆ ನನ್ನ ಅನಿಸಿಕೆಯನ್ನಾಗಲಿ ನಿಮ್ಮದನ್ನಾಗಲಿ ಓದುಗರು ಸುಮ್ನೆ ಯಾಕೆ ನಂಬಬೇಕು? ಒಂದು ತಿಂಗಳ ಲೆಕ್ಕ ಮುಂದಿಡಿ.

ಕೆಲಸದ ಹೊತ್ತಲ್ಲಿ ಅವರನ್ನು ನಿಲ್ಲಿಸಿ ಕೇಳಬೇಡಿ. ಬಿಡುವಿರುವ ದಿನ ತಿಳಿದುಕೊಂಡು ಅವರ ಮನೆಗೇ ಹೋಗಿ. ಯಾಕೆ ಬರೆಯುತ್ತಿದ್ದೀರಿ ಎಂದು ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಬರೆಯಿರಿ, ಹೆಸರು ಬೇಡ. ಉದ್ರಿ ಪುಸ್ತಕ ತೋರಿಸಿದರೆ ಅದರಲ್ಲಿರುವುದನ್ನು ಹಾಗೇ ನಕಲು ಮಾಡಿಕೊಳ್ಳಿ. ಆ ಪುಟದಿಂದಲೇ ಲೇಖನ ಶುರು ಮಾಡಿ ನನಗೆ ಕಳಿಸಿ.