ಕಚ್ಚಾ ತೈಲದಿಂದ ಬರೀ ಪೆಟ್ರೋಲ್ ಮಾತ್ರ ತೆಗೆಯೋಕೆ ಯಾಕಾಗಲ್ಲ?

ಕ್ರೂಡ್ ಪೂರ್ತಿ ಪೆಟ್ರೋಲೇ ಮಾಡಿಬಿಟ್ರೆ ಆಯ್ತಲ್ವಾ, ಡಾಂಬರು ಸೀಮೆಎಣ್ಣೆ ಎಲ್ಲ ಯಾಕೆ ಬರುತ್ತೆ ಅಂತ ಕೇಳಿದೀರ. ರಿಫೈನರಿ ಲ್ಯಾಬಲ್ಲಿ ಕೆಲಸ ಮಾಡೋನು ನಾನು, ದಿನಾ ನೋಡೋದು ಇದನ್ನೇ, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಹೇಳ್ತೀನಿ.

ಕ್ರೂಡ್ ಅಂದ್ರೆ ಒಂದೇ ಪದಾರ್ಥ ಅಲ್ಲ, ಸಾವಿರಾರು ಹೈಡ್ರೋಕಾರ್ಬನ್‌ಗಳು (ಕಾರ್ಬನ್, ಹೈಡ್ರೋಜನ್ ಸೇರಿ ಆದ ಪದಾರ್ಥಗಳು) ಬೆರೆತಿರ್ತವೆ. ತೂಕದಲ್ಲಿ 83-87% ಕಾರ್ಬನ್, 10-14% ಹೈಡ್ರೋಜನ್, ಉಳಿದಿದ್ದು ಗಂಧಕ, ನೈಟ್ರೋಜನ್, ಆಕ್ಸಿಜನ್, ಮತ್ತೆ ಚೂರುಪಾರು ನಿಕಲ್, ವನೇಡಿಯಂ. ಊರಿಂದ ಊರಿಗೆ ಇದು ಎಷ್ಟು ಬೇರೆ ಅಂದ್ರೆ, ರಾಜಸ್ಥಾನದ ಬಾರ್ಮೇರ್ ಕ್ರೂಡಲ್ಲಿ ಮೇಣ ಜಾಸ್ತಿ, ತಣ್ಣಗಾದ್ರೆ ಗಟ್ಟಿಯಾಗುತ್ತೆ, ಪೈಪ್‌ಲೈನನ್ನೇ ಬಿಸಿ ಇಟ್ಟು ಸಾಗಿಸ್ತಾರೆ. ಇರಾಕಿನ ಬಸ್ರಾ ಕ್ರೂಡಲ್ಲಿ ಗಂಧಕವೇ ಸುಮಾರು 3%.

ಮೊದಲು ನೀರಲ್ಲಿ ತೊಳೆದು ಉಪ್ಪು ತೆಗೀತಾರೆ, ಆಮೇಲೆ ಫರ್ನೇಸಲ್ಲಿ 350 ಡಿಗ್ರಿ ದಾಟೋವರೆಗೂ ಕಾಯಿಸಿ ಕಾಲಮ್‌ಗೆ, ಅಂದ್ರೆ ಎತ್ತರದ ಗೋಪುರಕ್ಕೆ ಬಿಡ್ತಾರೆ, ಹಗುರ ಇರೋದು ಮೇಲೆ ಹೋಗುತ್ತೆ, ಭಾರದ್ದು ಕೆಳಗೇ ಉಳಿಯುತ್ತೆ. ಲ್ಯಾಬಲ್ಲಿ ಇದರದ್ದೇ ಚಿಕ್ಕ ರೂಪ ನೋಡ್ಬೋದು: 100 ಎಂಎಲ್ ಪೆಟ್ರೋಲ್ ಫ್ಲಾಸ್ಕಿಗೆ ಹಾಕಿ ಕಾಯಿಸಿದ್ರೆ 35-40 ಡಿಗ್ರಿಗೆಲ್ಲ ಮೊದಲ ಹನಿ ಬೀಳುತ್ತೆ, 210ರ ಒಳಗೆ ಎಲ್ಲಾ ಮುಗಿದಿರಬೇಕು. ಡೀಸೆಲ್ ಆದ್ರೆ ಥರ್ಮಾಮೀಟರ್ 150 ದಾಟಿದ್ರೂ ಮೊದಲ ಹನಿಗೆ ಸುಮ್ನೆ ಕಾಯ್ತಾ ಕೂತಿರ್ಬೇಕು.

ಕಾಲಮ್ ತಳದಲ್ಲಿ ಉಳಿದಿದ್ದನ್ನ ಇನ್ನೂ ಕಾಯಿಸೋಣ ಅಂದ್ರೆ ಅದು ಒಡೆದು ಕೋಕ್ (ಇದ್ದಿಲಂಥ ಗಟ್ಟಿ ಕಾರ್ಬನ್) ಆಗಿ ಟ್ಯೂಬಿಗೇ ಹಿಡ್ಕೊಳುತ್ತೆ, ಅದಕ್ಕೇ ವ್ಯಾಕ್ಯೂಮ್ ಕಾಲಮಲ್ಲಿ ಒತ್ತಡ ಇಳಿಸಿ ಕಮ್ಮಿ ಬಿಸಿಗೇ ಆವಿ ಮಾಡಿಸ್ತಾರೆ. ಅದಾದ್ಮೇಲೂ ಉಳಿಯೋ ಕರೀ ಅಂಟೇ ನಿಮ್ಮ ಡಾಂಬರು.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಭಾರದ ಅಣುಗಳನ್ನ ಒಡೆದು ಪೆಟ್ರೋಲ್ ಮಾಡ್ಬೋದು, ಕ್ರ್ಯಾಕಿಂಗ್ ಅಂದ್ರೆ ಅದೇ, ಜಿಯೋಲೈಟ್ ಅನ್ನೋ ಖನಿಜದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸೋ ವಸ್ತು) ಮೇಲೆ 500 ಡಿಗ್ರಿ ಆಸುಪಾಸಲ್ಲಿ ನಡೆಯುತ್ತೆ. ಆದ್ರೆ ಪೆಟ್ರೋಲ್, ಡೀಸೆಲಲ್ಲಿ ಒಂದು ಕಾರ್ಬನ್‌ಗೆ ಹೆಚ್ಚುಕಮ್ಮಿ ಎರಡು ಹೈಡ್ರೋಜನ್ ಬೇಕು, ತಳದ ಮಾಲಲ್ಲಿ ಅಷ್ಟು ಇರೋದೇ ಇಲ್ಲ. ಆಗ ಎರಡೇ ದಾರಿ: ಹೆಚ್ಚಾದ ಕಾರ್ಬನ್ನನ್ನ ಕೋಕ್ ಮಾಡಿ ಹೊರಗೆ ತೆಗೀಬೇಕು, ಇಲ್ಲಾಂದ್ರೆ ಹೊರಗಿಂದ ಹೈಡ್ರೋಜನ್ ತುಂಬ್ಬೇಕು. ಆ ಹೈಡ್ರೋಜನ್ನನ್ನೂ ನಾಫ್ತಾನೋ (ಕ್ರೂಡಿಂದಲೇ ಬರೋ ಹಗುರ ಎಣ್ಣೆ) ನ್ಯಾಚುರಲ್ ಗ್ಯಾಸೋ ಖರ್ಚು ಮಾಡೇ ತಯಾರಿಸ್ಬೇಕು. ನನ್ನ ಪ್ರಕಾರ ರಿಫೈನರಿಯ ನಿಜವಾದ ಲೆಕ್ಕಾಚಾರ ಇರೋದು ಇಲ್ಲೇ, ಶಾಲೆ ಪುಸ್ತಕದ ಕಾಲಮ್ ಚಿತ್ರದಲ್ಲಿ ಇದು ಕಾಣೋದೇ ಇಲ್ಲ.

ಗಂಧಕ ತೆಗೆಯೋಕೂ ಹೈಡ್ರೋಜನ್ನೇ ಬೇಕು. ನಮ್ಮ ದೇಶದ ವಾಹನ ಹೊಗೆ ಮಾನದಂಡ ಬಿಎಸ್-4ರಲ್ಲಿ ಇಂಧನದ ಗಂಧಕಕ್ಕೆ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50) ಇದ್ದ ಮಿತಿ 2020ರ ಏಪ್ರಿಲಿಂದ ಬಿಎಸ್-6 ಬಂದು 10ಕ್ಕೆ ಇಳೀತು. ಹೀಗೆ ತೆಗೆದ ಗಂಧಕ ಕೊನೆಗೆ ಹಳದಿ ಗಟ್ಟಿಯಾಗಿ ಸಲ್ಫ್ಯೂರಿಕ್ ಆಸಿಡ್, ಗೊಬ್ಬರದ ಕಾರ್ಖಾನೆಗೆ ಹೋಗುತ್ತೆ.

ಹಾಗಾಗಿ ಪೆಟ್ರೋಲ್ ಪಾಲು ಹೆಚ್ಚಿಸ್ಬೋದು, ಪೂರ್ತಿ ಅದೇ ಮಾಡೋಕೆ ಹೋದ್ರೆ ಖರ್ಚು ಗಿಟ್ಟಲ್ಲ. ಮೇಲಾಗಿ ನಮ್ಮ ದೇಶದಲ್ಲಿ ಪೆಟ್ರೋಲಿಗಿಂತ ಡೀಸೆಲೇ ಜಾಸ್ತಿ ಖರ್ಚಾಗೋದು, ಲಾರಿ, ಬಸ್ಸು, ಟ್ರ್ಯಾಕ್ಟರ್ ಎಲ್ಲ ಅದ್ರಲ್ಲೇ ಓಡ್ತಿರೋದು.